ಕೋಶದ ದೋಷ ಯಾರ ದೋಷ?

ಗ್ಯಾಲಕ್ಸಿ ನೋಟ್ 7 ಮೊಬೈಲ್ ಫೋನುಗಳಿಗೆ ಬೆಂಕಿ ಹತ್ತಿದ್ದೇಕೆ ಎಂಬುದನ್ನು ಸ್ಯಾಮ್‌ಸಂಗ್ ಕಂಪನಿ 2017ರ ಜನವರಿ 23ರಂದು ಪ್ರಕಟಿಸಿತು. 700 ಇಂಜಿನಿಯರುಗಳು, 2 ಲಕ್ಷ ಫೋನುಗಳು, 30 ಸಾವಿರ ಬ್ಯಾಟರಿಗಳು. ಪರೀಕ್ಷೆಯ ಗಾತ್ರದ ಬಗ್ಗೆ ತಕರಾರಿಲ್ಲ.

ಲಿಥಿಯಂ ಅಯಾನು ಕೋಶದಲ್ಲಿ ಧನ ಮತ್ತು ಋಣ ವಿದ್ಯುದಾಗ್ರಗಳ ಹಾಳೆಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪೊರೆಯಿಟ್ಟು ಸುರುಳಿ ಸುತ್ತಿರುತ್ತಾರೆ. ಪೊರೆ ಹರಿದರೆ ಶಾರ್ಟ್ ಸರ್ಕಿಟ್ ಆಗುತ್ತದೆ. ಅದರ ಶಾಖ ಒಳಗಿನ ರಾಸಾಯನಿಕ ಕ್ರಿಯೆಗಳನ್ನು ಕೆರಳಿಸಿ ಇನ್ನಷ್ಟು ಶಾಖ ಹುಟ್ಟಿಸುತ್ತದೆ. ಸಾವಯವ ದ್ರಾವಕ ಹೊತ್ತಿಕೊಳ್ಳುತ್ತದೆ. ವರದಿಯಂತೆ, ಮೊದಲ ತಯಾರಕರ ಕೋಶದ ಮೇಲಿನ ಬಲಮೂಲೆಯಲ್ಲಿ ಋಣ ವಿದ್ಯುದಾಗ್ರ ಬಾಗಿತ್ತು. ಎರಡನೆಯವರದರಲ್ಲಿ ಬೆಸುಗೆಯ ಮುಳ್ಳುಗಳು ಪೊರೆಯನ್ನು ಚುಚ್ಚಿದ್ದವು. ಕೆಲವು ಕೋಶಗಳಿಗೆ ನಿರೋಧಕ ಪಟ್ಟಿಯನ್ನೇ ಅಂಟಿಸಿರಲಿಲ್ಲ!

ಹಾಗಾದರೆ ತಪ್ಪು ಕೋಶ ತಯಾರಕರದೆ? ಬ್ಯಾಟರಿ ಹೀಗಿರಬೇಕೆಂದು ಗುರಿ ಕೊಟ್ಟದ್ದು ಫೋನು ಕಂಪನಿ. ದೋಷವನ್ನು ಮೊದಲೇ ಪತ್ತೆಹಚ್ಚದ ಹೊಣೆಯನ್ನು ಅದು ಒಪ್ಪಿಕೊಂಡಿತು; ಮೆಚ್ಚತಕ್ಕದ್ದೇ. ಆದರೆ ಮುಖ್ಯ ಪ್ರಶ್ನೆ ಬದಲಿ ಫೋನುಗಳದು. 2016ರ ಸೆಪ್ಟೆಂಬರ್ 2ರಂದು 25 ಲಕ್ಷ ಫೋನುಗಳನ್ನು ಹಿಂದಕ್ಕೆ ಕರೆದು, ಎರಡನೆಯ ತಯಾರಕರ ಕೋಶವಿದ್ದ ಫೋನುಗಳನ್ನು ಸುರಕ್ಷಿತವೆಂದು ಜನರಿಗೆ ಕೊಡಲಾಯಿತು. ಅಕ್ಟೋಬರ್ 5ರಂದು ಅಮೆರಿಕದ ಲೂಯಿವಿಲ್‌ನಲ್ಲಿ, ಹೊರಡಲಿದ್ದ ವಿಮಾನದೊಳಗೆ ಅಂಥದೊಂದು ಫೋನು ಹೊಗೆ ಕಾರಿತು. ಅನಂತರ ಘೋಷಿಸಿದ ತಪಾಸಣಾ ಕ್ರಮದಲ್ಲಿ ಕ್ಷ-ಕಿರಣ ಪರೀಕ್ಷೆಯಿದೆ, ಕೋಶವನ್ನು ಬಿಚ್ಚಿ ನೋಡುವುದೂ ಇದೆ. ಪಟ್ಟಿ ಅಂಟಿಸಿಲ್ಲವೆಂದು ತಿಳಿಯಲು ಬಿಚ್ಚಿ ನೋಡಿದರೆ ಸಾಕಿತ್ತು. ಬದಲಿ ಕೊಡುವ ಮುನ್ನ ಅಷ್ಟು ಮಾಡದೆ, ಕೋಶ ಬದಲಿಸಿದರಾಯಿತು ಎಂದುಕೊಂಡದ್ದು ಅಕ್ಷಮ್ಯ.

ನಮ್ಮಲ್ಲಿ ಹೀಗಾದರೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಇತರರು ಮಾಡಿದ ಭಾಗಗಳನ್ನು ಜೋಡಿಸುವವನೂ ತಯಾರಕನೇ. ತಯಾರಿಕೆಯ ಅಥವಾ ವಿನ್ಯಾಸದ ದೋಷದಿಂದಾದ ಹಾನಿಗೆ ಅವನು ಹೊಣೆ; ಬಳಕೆದಾರ ವಸ್ತುವನ್ನು ದುರುಪಯೋಗಿಸಿದ್ದರೆ ಅಥವಾ ಮಾರ್ಪಡಿಸಿದ್ದರೆ ವಿನಾಯಿತಿಯುಂಟು. ತೊಡಕಿರುವುದು ಇಲ್ಲಿಯೇ. ಕಂಪನಿಯ ಬಳಿ ಪರೀಕ್ಷೆಗೆ ಎರಡು ಲಕ್ಷ ಫೋನುಗಳಿದ್ದವು. ಗ್ರಾಹಕನ ಕೈಯಲ್ಲಿರುವುದು ಕರಕಲಾದ ಒಂದು. ದೋಷ ಕೋಶದ್ದೋ ಅಗ್ಗದ ಚಾರ್ಜರಿನದೋ ಎಂಬುದನ್ನು ಅದರಿಂದಲೇ ಹೇಳಬೇಕು. ಆದ್ದರಿಂದ ಸುಟ್ಟ ಫೋನು, ಚಾರ್ಜರು, ರಸೀದಿಗಳನ್ನು ಎಸೆಯಬಾರದು. ಜಿಲ್ಲಾ ಗ್ರಾಹಕ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಅದರ ಶುಲ್ಕವನ್ನು ದೂರುದಾರನೇ ಮುಂಗಡ ಕಟ್ಟುವಂತೆ ಆಯೋಗ ಹೇಳಬಹುದು. ಈ ಭಾರವನ್ನು ತಯಾರಕನ ಮೇಲೆ ಹಾಕುವಂತೆ ಕಾಯ್ದೆಯನ್ನು ತಿದ್ದಬೇಕು.