ಆಡಿದವರಿಲ್ಲದ ಗಾದೆಗಳು

ನ್ಯೂ ಕ್ಯಾಲೆಡೋನಿಯಾದ ಮೂಲನಿವಾಸಿಗಳಾದ ಕನಕರ ಮಾತುಗಳನ್ನು ‘ಕನಕ್ ಗಾದೆ’ ಎಂಬ ಹಣೆಪಟ್ಟಿ ಹಚ್ಚಿ, ಒಂದೊಂದೇ ಸಾಲಾಗಿ ಫ್ರೆಂಚಿನಲ್ಲಿ ಅಚ್ಚು ಹಾಕುವ ರೂಢಿಯ ಬಗ್ಗೆ ನನ್ನ ತಕರಾರಿದೆ. ಆಡಿದವರು ಯಾರು, ಯಾವ ಕಣಿವೆಯವರು ಎಂಬ ಸುಳಿವೇ ಅಲ್ಲಿರುವುದಿಲ್ಲ. ಕನಕರಿಗೆ ಇರುವುದು ಒಂದು ಭಾಷೆಯಲ್ಲ, ಸುಮಾರು 28. ಲಿಫು ದ್ವೀಪದವರ ಮಾತು ಉವಾಯಿಲು ಕಣಿವೆಯವರಿಗೆ ತಿಳಿಯದು.

ಗಾದೆಯೆಂದು ಅಚ್ಚಾಗುವ ಮಾತು ಓಡಾಡುವ ಜಾಗವನ್ನು ನೋಡಬೇಕು. ಬೇರೆ ಕುಲದ ಊರಿಗೆ ಹೋದವರು ಸೀದಾ ಒಳಗೆ ಕಾಲಿಡುವಂತಿಲ್ಲ. ಬಣ್ಣದ ಬಟ್ಟೆ, ಒಂದಿಷ್ಟು ಹೊಗೆಸೊಪ್ಪು, ಒಂದು ನೋಟು, ದೊಡ್ಡ ಕಾರ್ಯವಾದರೆ ಹೆಗ್ಗೆಣಸು, ಇಷ್ಟನ್ನು ಮುಂದಿಟ್ಟು, ತಲೆ ತಗ್ಗಿಸಿ, ಮೆಲುದನಿಯಲ್ಲಿ ಬಂದ ಕಾರಣ ಹೇಳುತ್ತಾರೆ. ಆ ಕಡೆಯ ಹಿರಿಯರು ಅದನ್ನು ಸ್ವೀಕರಿಸಿ ಮರುಮಾತಾಡಿದ ಮೇಲೆಯೇ ಮುಂದಿನದು. ಪೂರ್ವಿಕರು ಹೇಳಿದ್ದು, ಹಳೆಯ ಕೊಳುಕೊಡುಗೆ, ಕುಲ ನಡೆದುಬಂದ ದಾರಿಯ ಊರುಗಳ ಹೆಸರು ಎಲ್ಲವೂ ಬಾಯಿಗೆ ಬರುವುದು ಆ ಹೊತ್ತಿಗೆ. ಕೊಡುಗೆಯನ್ನೂ ಕೇಳುವವರನ್ನೂ ತೆಗೆದುಹಾಕಿದರೆ ಉಳಿಯುವುದು ಎಲ್ಲಿ ಬೇಕಾದರೂ ಹೊಂದುವ ಸುಭಾಷಿತ ಮಾತ್ರ.

ಮಾತು ಹೀಗೆ ತನ್ನ ನೆಲೆ ಕಳೆದುಕೊಂಡದ್ದರಲ್ಲಿ ವಸಾಹತಿನ ಪಾಲೂ ದೊಡ್ಡದು. 1853ರಲ್ಲಿ ಫ್ರಾನ್ಸ್ ದ್ವೀಪವನ್ನು ವಶಪಡಿಸಿಕೊಂಡಿತು, ಹತ್ತೇ ವರ್ಷಕ್ಕೆ ಶಾಲೆಗಳಿಂದ ಕನಕ್ ಭಾಷೆಗಳನ್ನು ಹೊರಗಟ್ಟಿತು. ಆಮೇಲೆ ಕುಲಗಳನ್ನೇ ಅವರ ನೆಲದಿಂದ ಎಬ್ಬಿಸಿ ಮೀಸಲು ಜಾಗಗಳಿಗೆ ತಳ್ಳಿತು. ಬೆಟ್ಟ, ಹೊಳೆಗಳ ಹೆಸರಿನ ಮೇಲೆ ನಿಂತ ಮಾತಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೇನು?

1902ರಲ್ಲಿ ಉವಾಯಿಲುಗೆ ಬಂದ ಪಾದ್ರಿ ಮೊರಿಸ್ ಲೀನಾರ್ ಒಂದು ಒಳ್ಳೆಯ ಕೆಲಸ ಮಾಡಿದರು. ಕನಕರ ಕೈಗೇ ನೋಟುಬುಕ್ಕು ಕೊಟ್ಟು ಬರೆಯಲು ಹೇಳಿದರು. ಬೋಎಸೋ ಎರಿಜಿಸಿ ಹಾಗೆ ಅಜಿಯೆ ಭಾಷೆಯಲ್ಲಿ ಬರೆದವರು. ಆದರೆ ‘ದೊ ಕಾಮೊ’ (1947) ಪುಸ್ತಕದಲ್ಲಿ ಲೀನಾರ್ ಒಂದು ಕಣಿವೆಯಲ್ಲಿ ಕಂಡದ್ದನ್ನು ಇಡೀ ಮೆಲನೇಷಿಯಾದ ಮನಸ್ಸೆಂದು ಹಿಗ್ಗಿಸಿದ್ದನ್ನು ಒಪ್ಪಲಾರೆ. ಆಲ್ಬಾನ್ ಬೆನ್ಸಾ ಮತ್ತು ಝಾನ್-ಕ್ಲೋದ್ ರಿವಿಯೇರ್ 1982ರಲ್ಲಿ ತುವೊ ಸೀಮೆಯ ಚೆಮುಹಿ ಭಾಷೆಯ ಕಥನಗಳನ್ನು ಪ್ರಕಟಿಸಿದ ರೀತಿ ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ಯಾವ ಕುಲಕ್ಕೆ ಯಾರೊಡನೆ ನಂಟು, ಯಾರೊಡನೆ ಪೈಪೋಟಿ ಎಂಬುದನ್ನು ಅವರು ಕಥೆಯಿಂದ ಬೇರ್ಪಡಿಸಲಿಲ್ಲ.

1998ರ ನುಮೇಯಾ ಒಪ್ಪಂದ ಕನಕ್ ಭಾಷೆಗಳಿಗೆ ಫ್ರೆಂಚಿನ ಜೊತೆಯಲ್ಲೇ ಶಿಕ್ಷಣದ ಸ್ಥಾನ ಕೊಟ್ಟಿದೆ, 2007ರಲ್ಲಿ ಅವುಗಳ ಅಕಾಡೆಮಿಯೂ ಬಂದಿದೆ. ಹಾಗಿರುವಾಗ ಮೂಲ ಭಾಷೆಯ ಸಾಲು, ಕುಲದ ಹೆಸರು, ಆಡಿದ ಸಂದರ್ಭ ಈ ಮೂರೂ ಇಲ್ಲದ ಸಂಕಲನ ಇನ್ನು ಮುಂದೆ ಅಚ್ಚಾಗಬಾರದು.