ದೋಷಮಿತಿಯಿಲ್ಲದ ಮಹಾಯೋಜನೆ

ಲೋಲಕದ ಪ್ರಯೋಗ ಮಾಡಿ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕಹಾಕಿದ ವಿದ್ಯಾರ್ಥಿ ಉತ್ತರದ ಪಕ್ಕದಲ್ಲಿ ದೋಷದ ಮಿತಿಯನ್ನು ಬರೆಯದಿದ್ದರೆ, ಅಧ್ಯಾಪಕರು ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಎಷ್ಟು ನಿಖರವೆಂದು ತಿಳಿಯದ ಅಳತೆ ಅಳತೆಯೇ ಅಲ್ಲ ಎಂಬುದು ವಿಜ್ಞಾನದ ಮೊದಲ ಪಾಠಗಳಲ್ಲಿ ಒಂದು. ಈ ಪಾಠವನ್ನು ಒಂದು ನಗರ ಯೋಜನೆಗೆ ಅನ್ವಯಿಸಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ನವೆಂಬರ್ 2017ರಲ್ಲಿ 'ಪರಿಷ್ಕೃತ ಮಹಾಯೋಜನೆ 2031'ರ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ನಕ್ಷೆಗಳು, ವಲಯ ನಿಯಮಗಳು, ಯೋಜನಾ ಜಿಲ್ಲೆಗಳ ವರದಿಗಳು ಎಲ್ಲವೂ ಅದರಲ್ಲಿದ್ದವು. ಇಷ್ಟೆಲ್ಲದರ ತಳಪಾಯವಾಗಿದ್ದುದು ಒಂದೇ ಒಂದು ಸಂಖ್ಯೆ: 2031ರಲ್ಲಿ ಯೋಜನಾ ಪ್ರದೇಶದ ಜನಸಂಖ್ಯೆ 2.03 ಕೋಟಿ. ಸಾವಿರಾರು ಆಕ್ಷೇಪಣೆಗಳು ಬಂದವು. ನ್ಯಾಯಾಲಯದಲ್ಲೂ ಪ್ರಶ್ನೆ ಎದ್ದಿತು. ಕೊನೆಗೆ ಸರ್ಕಾರ ಈ ಕರಡನ್ನು ಕೈಬಿಟ್ಟಿತು. 2007ರ ಜೂನ್‌ನಲ್ಲಿ ಅನುಮೋದನೆ ಪಡೆದ, 2015ಕ್ಕೆಂದು ರೂಪಿಸಿದ ಹಳೆಯ ಯೋಜನೆಯೇ ತನ್ನ ಗುರಿವರ್ಷ ಮುಗಿದು ಹತ್ತು ವರ್ಷ ದಾಟಿದರೂ ನಡೆದುಬಂದಿದೆ. ಸತ್ತ ಕರಡನ್ನು ಈಗೇಕೆ ಕೆದಕಬೇಕು ಎಂದು ನೀವು ಕೇಳಬಹುದು. ಮುಂದಿನ ಯೋಜನೆ ಬರಲೇಬೇಕು, ಅದೂ ಇದೇ ಅಚ್ಚಿನಲ್ಲಿ ಬಂದರೆ ಅದರೊಳಗೆ ಬದುಕಬೇಕಾದವರು ಈಗ ನಿಮ್ಮ ತರಗತಿಯಲ್ಲಿ ಕುಳಿತಿದ್ದಾರೆ. ಅದಕ್ಕಾಗಿಯೇ ಕೆದಕಬೇಕು.

ಮೊದಲು ಆ 2.03 ಕೋಟಿಯನ್ನು ಪರೀಕ್ಷಿಸೋಣ. ಕಾಗದ, ಪೆನ್ಸಿಲ್ ಸಾಕು. ಜನಗಣತಿಯ ಪ್ರಕಾರ ಬೆಂಗಳೂರು ನಗರ ಸಮುಚ್ಚಯದ ಜನಸಂಖ್ಯೆ 1971ರಲ್ಲಿ ಸುಮಾರು 16.5 ಲಕ್ಷ, 1981ರಲ್ಲಿ 29.2 ಲಕ್ಷ, 1991ರಲ್ಲಿ 41.3 ಲಕ್ಷ, 2001ರಲ್ಲಿ 57 ಲಕ್ಷ, 2011ರಲ್ಲಿ 85.2 ಲಕ್ಷ. ಬೆಳವಣಿಗೆ ಘಾತೀಯವೆಂದು ಭಾವಿಸಿ, ಎರಡು ಸಂಖ್ಯೆಗಳ ಅನುಪಾತದ ಸ್ವಾಭಾವಿಕ ಲಾಗರಿದಮ್ಮನ್ನು ಹತ್ತರಿಂದ ಭಾಗಿಸಿದರೆ ವಾರ್ಷಿಕ ದರ ಸಿಗುತ್ತದೆ. ಎಪ್ಪತ್ತರ ದಶಕದಲ್ಲಿ ಇದು ಶೇ. 5.7, ಎಂಬತ್ತರ ದಶಕದಲ್ಲಿ ಶೇ. 3.5, ತೊಂಬತ್ತರ ದಶಕದಲ್ಲಿ ಶೇ. 3.2, ಮುಂದಿನ ದಶಕದಲ್ಲಿ ಶೇ. 4. (ಪ್ರತಿ ಗಣತಿಗೂ ನಗರದ ಗಡಿ ಹಿಗ್ಗಿದೆ, ಹಾಗಾಗಿ ಈ ದರಗಳಲ್ಲಿ ಹೊಸ ಜನರ ಜೊತೆಗೆ ಒಳಗೆ ಸೇರಿಸಿಕೊಂಡ ಹಳ್ಳಿಗಳೂ ಇವೆ.)

ಯೋಜನಾ ಪ್ರದೇಶದಲ್ಲಿ 2011ರಲ್ಲಿ ಇದ್ದವರು ಸುಮಾರು 90 ಲಕ್ಷ. ಇದನ್ನು ಶೇ. 4ರ ದರದಲ್ಲಿ ಇಪ್ಪತ್ತು ವರ್ಷ ಬೆಳೆಸಿ ನೋಡಿ. ಉತ್ತರ 2.02 ಕೋಟಿ. ಅಂದರೆ ಕರಡಿನ ಸಂಖ್ಯೆ ಯಾವ ವಿಧಾನದಿಂದ ಬಂದಿದ್ದರೂ, ಮಾಹಿತಿ ತಂತ್ರಜ್ಞಾನದ ಭರಾಟೆಯ ಒಂದು ದಶಕದ ವೇಗವನ್ನೇ ಮುಂದಿನ ಎರಡು ದಶಕಗಳಿಗೆ ಎಳೆದಾಗ ಬರುವ ಸಂಖ್ಯೆಗಿಂತ ಅದು ಬೇರೆಯಲ್ಲ. ಈಗ ತೊಂಬತ್ತರ ದಶಕದ ದರವನ್ನು ಹಾಕಿ: 1.72 ಕೋಟಿ. ಎಪ್ಪತ್ತರ ದಶಕದ ದರವನ್ನು ಹಾಕಿ: 2.83 ಕೋಟಿ. ಇದೇ ನಗರ ನಿಜವಾಗಿ ಕಂಡಿರುವ ದರಗಳಿಂದಲೇ ಬಂದ ಈ ಎರಡು ಉತ್ತರಗಳ ನಡುವೆ ಒಂದು ಕೋಟಿಗಿಂತ ಹೆಚ್ಚು ಜನರ ವ್ಯತ್ಯಾಸವಿದೆ. 2011ರಲ್ಲಿದ್ದ ಇಡೀ ಬೆಂಗಳೂರಿಗಿಂತ ಈ ವ್ಯತ್ಯಾಸ ದೊಡ್ಡದು. ಇಷ್ಟು ಅನಿಶ್ಚಿತವಾದ ಪರಿಮಾಣವನ್ನು ಮೂರು ಸಾರ್ಥಕ ಅಂಕಿಗಳಲ್ಲಿ ಬರೆದು, ಅದರ ಮೇಲೆ ರಸ್ತೆಯ ಅಗಲ, ಕಟ್ಟಡದ ಎತ್ತರಗಳನ್ನು ನಿಗದಿಮಾಡುವುದು ಯಾವ ವಿಜ್ಞಾನ?

ಇಂಥ ಮುನ್ನಂದಾಜು ತಪ್ಪಿದ್ದು ಮೊದಲ ಸಲವೇನೂ ಅಲ್ಲ. ಹಳೆಯ ಯೋಜನೆ 2015ಕ್ಕೆ ಸುಮಾರು 88 ಲಕ್ಷ ಜನರನ್ನು ಊಹಿಸಿತ್ತು. ನಾಲ್ಕು ವರ್ಷ ಮುಂಚೆಯೇ ಜನಗಣತಿ 90 ಲಕ್ಷ ದಾಟಿದ್ದನ್ನು ತೋರಿಸಿತು. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಲಾಲ್‌ಬಾಗಿನ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಆ ಶಿಲೆಯ ಮೇಲೆ ಕೆಂಪೇಗೌಡರ ಕಾಲದ್ದೆಂದು ಹೇಳುವ ಗೋಪುರವಿದೆ. ನಗರ ಇಲ್ಲಿಯವರೆಗೆ ಬೆಳೆಯಬಹುದು ಎಂದು ಗುರುತಿಸಿದ ನಾಲ್ಕು ಗಡಿಗೋಪುರಗಳಲ್ಲಿ ಅದೊಂದು ಎಂಬ ಪ್ರತೀತಿ. ಅದರ ದಕ್ಷಿಣಕ್ಕೆ ಕಾಣುವುದೆಲ್ಲ ಗಡಿಯಾಚೆಯ ಊರು: 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರ, ಅದರಾಚೆ ಬನಶಂಕರಿ, ಜೆ.ಪಿ. ನಗರ, ಪೂರ್ವಕ್ಕೆ ಬಿ.ಟಿ.ಎಂ. ಬಡಾವಣೆ. ಒಂದು ಕಾಲದ ಉಪನಗರಗಳು ಇಂದು ನಗರದ ಮಧ್ಯವೇ ಆಗಿವೆ.

ಹಾಗಾದರೆ ಭವಿಷ್ಯವನ್ನು ಅಂದಾಜು ಮಾಡಲೇಬಾರದೆ? ಮಾಡಲೇಬೇಕು. ನನ್ನ ಆಕ್ಷೇಪ ಅಂದಾಜಿನ ಬಗ್ಗೆ ಅಲ್ಲ, ಅದರ ಅನಿಶ್ಚಿತತೆಯನ್ನು ಮುಚ್ಚಿಟ್ಟದ್ದರ ಬಗ್ಗೆ. ವ್ಯಾಪ್ತಿಯನ್ನು ಒಪ್ಪಿಕೊಂಡರೆ ಯೋಜನೆಯ ಸ್ವರೂಪವೇ ಬದಲಾಗುತ್ತದೆ. ಮುಂದೆ ಬದಲಿಸಬಹುದಾದ ಕೆಲಸಗಳನ್ನು ಮೊದಲು ಮಾಡಬೇಕು, ಬದಲಿಸಲಾಗದವನ್ನು ಎಚ್ಚರದಿಂದ ಮಾಡಬೇಕು. ಜಯದೇವ ಹೃದ್ರೋಗ ಸಂಸ್ಥೆಯ ಬಳಿಯ ಮೇಲ್ಸೇತುವೆಯನ್ನು ನೆನಪಿಸಿಕೊಳ್ಳಿ. ಬಳಕೆಗೆ ಬಂದು ಹದಿನೈದು ವರ್ಷವೂ ತುಂಬುವ ಮೊದಲೇ, 2020ರಲ್ಲಿ, ಮೆಟ್ರೊ ಮಾರ್ಗಕ್ಕಾಗಿ ಅದನ್ನು ಒಡೆಯಲಾಯಿತು. ಕಾಂಕ್ರೀಟಿನ ಆಯುಷ್ಯ ಅದಕ್ಕಿಂತ ಎಷ್ಟೋ ಹೆಚ್ಚು. ಮುಗಿದದ್ದು ಯೋಜನೆಯ ಆಯುಷ್ಯ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ ಆಗಸ್ಟ್ 2025ರಲ್ಲಿ ಆರಂಭವಾಗಿ ರಾಗಿಗುಡ್ಡ, ಬಿ.ಟಿ.ಎಂ. ಕಡೆಯವರಿಗೆ ಅನುಕೂಲವಾಗಿದೆ ಎಂಬುದು ನಿಜ. ಆದರೆ ಅದೇ ಜಾಗದಲ್ಲಿ ಎರಡು ಬಾರಿ ಕಟ್ಟಿದ ಖರ್ಚೂ ನಿಜ.

ಕರಡಿನ ಎರಡನೆಯ ಕೊರತೆ ಇನ್ನೂ ಮೂಲಭೂತವಾದದ್ದು. ಅದರ ತರ್ಕ ಒಂದೇ ದಿಕ್ಕಿನದು: ಇಷ್ಟು ಜನ ಬರುತ್ತಾರೆ, ಆದ್ದರಿಂದ ಇಷ್ಟು ನೀರು ಬೇಕು. ಇಷ್ಟು ನೀರಿದೆ, ಆದ್ದರಿಂದ ಇಲ್ಲಿ ಎಷ್ಟು ಜನ ಇರಬಹುದು ಎಂಬ ಹಿಮ್ಮುಖ ಪ್ರಶ್ನೆ ಯೋಜನೆಯನ್ನು ತಿದ್ದುವುದಿಲ್ಲ. ಹಿಮ್ಮಾಹಿತಿಯಿಲ್ಲದ ವ್ಯವಸ್ಥೆ ಎಂದರೆ ಇದೇ. ಥರ್ಮೋಸ್ಟಾಟ್ ಇಲ್ಲದ ಇಸ್ತ್ರಿಪೆಟ್ಟಿಗೆಯಂತೆ.

ನೀರಿನ ಲೆಕ್ಕವನ್ನೂ ಮಾಡೋಣ. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ದೂರ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಿಂದ ನೂರಕ್ಕೆ ಏರಿತು. ಅಕ್ಟೋಬರ್ 2024ರಲ್ಲಿ ಉದ್ಘಾಟನೆಯಾದ ಐದನೆಯ ಹಂತವೂ ಸೇರಿದರೆ ಕಾವೇರಿ ಯೋಜನೆಗಳ ಪೂರ್ಣ ಸಾಮರ್ಥ್ಯ ದಿನಕ್ಕೆ ಸುಮಾರು 222 ಕೋಟಿ ಲೀಟರ್. ತಲೆಗೆ 135 ಲೀಟರ್ ಎಂಬ ಮಾನದಂಡದಿಂದ ಭಾಗಿಸಿ. ಒಂದು ಹನಿಯೂ ಸೋರದೆ, ಕಾರ್ಖಾನೆ, ಆಸ್ಪತ್ರೆಗಳಿಗೆ ಒಂದು ಹನಿಯೂ ಹೋಗದೆ ಇದ್ದರೆ 1.65 ಕೋಟಿ ಜನರಿಗೆ ಸಾಕು. ನಾವು ಮೇಲೆ ಕಂಡ ಮೂರು ಅಂದಾಜುಗಳಲ್ಲಿ ಅತಿ ಚಿಕ್ಕದಕ್ಕೂ ಇದು ಸಾಲದು. ಕರಡಿನ 2.03 ಕೋಟಿಗೆ ಬೇಕಾದದ್ದು 274 ಕೋಟಿ ಲೀಟರ್. ಈ ಅಂತರವನ್ನು ಕೊಳವೆಬಾವಿ ತುಂಬುತ್ತದೆ ಎನ್ನುವವರು 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದದ್ದನ್ನು ಮರೆತಿರಬೇಕು.

ನೀರಿನ ಹಿಂದೆ ಶಕ್ತಿಯ ಲೆಕ್ಕವೂ ಇದೆ. ಏರು ಮತ್ತು ಕೊಳವೆಯೊಳಗಿನ ಘರ್ಷಣೆ ಎರಡನ್ನೂ ಸೇರಿಸಿದರೆ ಪಂಪುಗಳು ಗೆಲ್ಲಬೇಕಾದ ಒಟ್ಟು ಎತ್ತರ ಸುಮಾರು 500 ಮೀಟರ್. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತಲು 49 ಲಕ್ಷ ಜೂಲ್, ಅಂದರೆ 1.36 ಯೂನಿಟ್ ವಿದ್ಯುತ್ ಬೇಕು. ಪಂಪಿನ ದಕ್ಷತೆ ಶೇ. 75 ಎಂದಿಟ್ಟುಕೊಂಡರೆ 1.8 ಯೂನಿಟ್. ನಾಲ್ವರ ಕುಟುಂಬದ ದಿನದ 540 ಲೀಟರಿಗೆ ಹತ್ತಿರ ಹತ್ತಿರ ಒಂದು ಯೂನಿಟ್. ಜಯನಗರದ ಮನೆಯೊಂದರಲ್ಲಿ ನಲ್ಲಿ ತಿರುಗಿಸುವ ಮೊದಲೇ ಖರ್ಚಾದ ವಿದ್ಯುತ್ ಇದು.

ಇಲ್ಲಿ ಬಡಾವಣೆಯ ಮಟ್ಟಕ್ಕೆ ಇಳಿಯೋಣ, ಏಕೆಂದರೆ ಸಮುದಾಯ ಯೋಜನೆ ಎಂಬ ಮಾತಿಗೆ ಅರ್ಥ ಬರುವುದು ಅಲ್ಲಿಯೇ. ಮೂವತ್ತು-ನಲವತ್ತರ ನಿವೇಶನದ ವಿಸ್ತೀರ್ಣ 111 ಚದರ ಮೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರಿನಷ್ಟು. ಬಿದ್ದದ್ದರಲ್ಲಿ ಶೇ. 80ನ್ನು ಹಿಡಿದರೆ ವರ್ಷಕ್ಕೆ 86 ಸಾವಿರ ಲೀಟರ್, ದಿನಕ್ಕೆ ಸುಮಾರು 236 ಲೀಟರ್. ಒಂದೇ ಕುಟುಂಬವಿದ್ದರೆ ಅದರ ಅಗತ್ಯದ ಶೇ. 44 ಆಕಾಶದಿಂದಲೇ ಬಂತು. ಅದೇ ನಿವೇಶನದಲ್ಲಿ ನಾಲ್ಕು ಮಹಡಿ ಎದ್ದು ಮಹಡಿಗೊಂದು ಕುಟುಂಬ ಬಂದರೆ ಶೇ. 11 ಮಾತ್ರ. ಮಹಡಿ ಏರಿದಂತೆ ಚಾವಣಿ ಅಗಲವಾಗುವುದಿಲ್ಲ! 2009ರಿಂದ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಜಯನಗರದ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಉದ್ಯಾನವೂ ಇದೆ, ವಿದ್ಯಾರ್ಥಿಗಳನ್ನು ಕರೆದೊಯ್ಯಲು ಒಳ್ಳೆಯ ಜಾಗ. ಆದರೆ ಕಟ್ಟಡದ ಎತ್ತರವನ್ನು ರಸ್ತೆಯ ಅಗಲ ಮತ್ತು ನಿವೇಶನದ ಅಳತೆಗೆ ಕಟ್ಟಿಹಾಕುವ ನಮ್ಮ ವಲಯ ನಿಯಮಗಳು ಅದನ್ನು ಆ ಬೀದಿಯ ನೀರಿನ ಲೆಕ್ಕಕ್ಕೆ ಕಟ್ಟಿಹಾಕುವುದಿಲ್ಲ.

ಕೆರೆಗಳ ವಿಷಯದಲ್ಲೂ ಇದೇ ಬಗೆಯ ಕುರುಡು ಅಳತೆ. 2007ರ ಯೋಜನೆ ಕೆರೆಯ ಸುತ್ತ 30 ಮೀಟರ್ ಕಾಯ್ದ ಜಾಗ ಎಂದಿತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರ್ ಮಾಡಿತು. ಮಾರ್ಚ್ 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ನೆಲದ ಇಳಿಜಾರು ಮಾತ್ರ ಮೂರು ವರ್ಷದಲ್ಲಿ ಬದಲಾಗಲಿಲ್ಲ. ನೀರು ಹರಿಯುವುದು ಇಳಿಜಾರಿನ ಪ್ರಕಾರ, ಸುತ್ತಳತೆಯ ಪ್ರಕಾರವಲ್ಲ. ಮಡಿವಾಳ ಕೆರೆ ತುಂಬಿದರೆ ಅಗರಕ್ಕೆ, ಅಲ್ಲಿಂದ ಬೆಳ್ಳಂದೂರಿಗೆ ಹೋಗುತ್ತದೆ. ಬಸವನಗುಡಿಯ ಪಶ್ಚಿಮದ ಇಳಿಜಾರಿನ ನೀರು ವೃಷಭಾವತಿಗೆ. ಇದನ್ನು ನಮ್ಮ ಹಿರಿಯರು ಹೆಸರುಗಳಲ್ಲೇ ಬರೆದಿಟ್ಟಿದ್ದಾರೆ. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. 'ಸಂದ್ರ' ಎಂಬುದು 'ಸಮುದ್ರ'ದ ರೂಪ, ಅಂದರೆ ದೊಡ್ಡ ಕೆರೆ. ಮೂರು ಊರುಗಳಲ್ಲಿ ಎರಡರ ಹೆಸರಿನಲ್ಲೇ ನೀರಿದೆ. ಅದನ್ನು ಮೂರು ಇಂಗ್ಲಿಷ್ ಅಕ್ಷರಗಳಾಗಿ ಕುಗ್ಗಿಸಿದ ಮೇಲೆ, ಮಳೆಗಾಲದಲ್ಲಿ ರಸ್ತೆಗೆ ನೀರು ನುಗ್ಗಿದಾಗ ನಾವು ಆಶ್ಚರ್ಯಪಡುತ್ತೇವೆ.

ಯೋಜಕರನ್ನು ಮಾತ್ರ ದೂರಿದರೆ ವಿಮರ್ಶೆ ಅರ್ಧವಾಗುತ್ತದೆ. ನಾಗರಿಕರ ಕಡೆಯಿಂದ ಕೇಳಿಬರುವ ವಾದ ಸಾಮಾನ್ಯವಾಗಿ ಎರಡು ಬಗೆಯದು: ನಮ್ಮ ರಸ್ತೆಯಲ್ಲಿ ಅಂಗಡಿ ಬೇಡ, ಅಥವಾ ನಮ್ಮ ರಸ್ತೆಯಲ್ಲಿ ಅಂಗಡಿಗೆ ಅವಕಾಶ ಕೊಡಿ. ಜಯನಗರವನ್ನು 1970ರ ಸ್ಥಿತಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂಬ ಆಸೆಗೆ ನನ್ನ ಸಹಾನುಭೂತಿ ಇದೆ, ಸಮ್ಮತಿ ಇಲ್ಲ. ಇಲ್ಲಿ ತಡೆದ ಜನ ಕನಕಪುರ ರಸ್ತೆಯ ಇನ್ನೊಂದು ಹಳ್ಳಿಯ ಗದ್ದೆಗೆ ಹೋಗುತ್ತಾರೆ, ದಿನವೂ ಇದೇ ರಸ್ತೆಯಲ್ಲಿ ಬಂದು ಹೋಗುತ್ತಾರೆ. ಅಭಿಪ್ರಾಯವನ್ನು ಕಚೇರಿ ಕಡತಕ್ಕೆ ಸೇರಿಸಬಹುದು. ಅಳತೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ನೋಡಿ. ನೆರೆಹೊರೆಯವರು ಟ್ರಸ್ಟ್ ಕಟ್ಟಿಕೊಂಡು, ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು, ಪಕ್ಕದ ವಸತಿ ಸಮುಚ್ಚಯದ ಸಂಸ್ಕರಿಸಿದ ನೀರನ್ನು ಕೆರೆಗೆ ಹರಿಸಿದರು. ಒಂದು ಕಡೆಯ ತ್ಯಾಜ್ಯ ಇನ್ನೊಂದು ಕಡೆಯ ಆದಾನವಾಯಿತು. ಮಹಾಯೋಜನೆಯಲ್ಲಿ ಇಲ್ಲದ ಹಿಮ್ಮಾಹಿತಿ ಒಂದು ಮೊಹಲ್ಲಾದಲ್ಲಿ ಸಾಧ್ಯವಾಯಿತು.

ಕಾನೂನಿನಲ್ಲೂ ಇದಕ್ಕೆ ಎಡೆಯಿದೆ. 1992ರ 74ನೆಯ ಸಂವಿಧಾನ ತಿದ್ದುಪಡಿ ಮೂರು ಲಕ್ಷಕ್ಕೂ ಮೇಲ್ಪಟ್ಟ ನಗರಗಳಲ್ಲಿ ವಾರ್ಡ್ ಸಮಿತಿಗಳನ್ನೂ, ಹತ್ತು ಲಕ್ಷ ದಾಟಿದ ಮಹಾನಗರ ಪ್ರದೇಶಗಳಿಗೆ ಮಹಾನಗರ ಯೋಜನಾ ಸಮಿತಿಯನ್ನೂ ಹೇಳಿದೆ. ಆ ಸಮಿತಿಯ ಮೂರನೆಯ ಎರಡರಷ್ಟಾದರೂ ಸದಸ್ಯರು ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳಿಂದ ಆರಿಸಿಬರಬೇಕು. ಸೆಪ್ಟೆಂಬರ್ 2020ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ ಮುಗಿದ ಮೇಲೆ, 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ವಿಂಗಡಿಸುವವರೆಗೂ ಚುನಾಯಿತ ಸದಸ್ಯರೇ ಇರಲಿಲ್ಲ ಎಂಬುದನ್ನು ಇದರ ಜೊತೆಗಿಟ್ಟು ಓದಿ.

ಅಧ್ಯಾಪಕರಿಗೆ ಒಂದು ಸಲಹೆ. ಶಾಲೆಯ ಸುತ್ತಲಿನ ಹತ್ತು ಬೀದಿಗಳನ್ನು ಆರಿಸಿಕೊಳ್ಳಿ. ಎಷ್ಟು ಮನೆ, ಎಷ್ಟು ಚಾವಣಿ, ಎಷ್ಟು ಕೊಳವೆಬಾವಿ, ಅವುಗಳಲ್ಲಿ ಬತ್ತಿದವೆಷ್ಟು, ಮಳೆ ಬಂದಾಗ ನೀರು ಯಾವ ಮೂಲೆಯಲ್ಲಿ ಎಷ್ಟು ಸೆಂಟಿಮೀಟರ್ ನಿಲ್ಲುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಅಳೆಯಲಿ, ಪ್ರತಿ ಅಳತೆಯ ಮುಂದೆ ದೋಷಮಿತಿಯನ್ನೂ ಬರೆಯಲಿ. ಮುಂದಿನ ವರ್ಷದ ತಂಡ ಅದೇ ಬೀದಿಗಳಿಗೆ ಹೋಗಲಿ. ಮುಂದೂಡುತ್ತಾ ಬಂದ ಜನಗಣತಿಯ ಆಧಾರ ದಿನವನ್ನು 1 ಮಾರ್ಚ್ 2027 ಎಂದು ನಿಗದಿಮಾಡಲಾಗಿದೆ. ಅದರ ಅಂಕಿಗಳು ಹೊರಬಂದಾಗ, ಯಾರದೇ ಕರಡು ನಕ್ಷೆಯ ಪಕ್ಕದಲ್ಲಿಟ್ಟು ನೋಡಲು ನಿಮ್ಮ ಬಳಿಯೂ ಒಂದು ಪಟ್ಟಿ ಇರುತ್ತದೆ.