ಸೈಕಲ್ ಮೀಟರಿಗೆ ಅಂಗಳದ ಅಳತೆ

ಸೈಕಲ್ಲಿನ ಹ್ಯಾಂಡಲ್ ಮೇಲಿನ ಪುಟ್ಟ ಕಂಪ್ಯೂಟರಿಗೆ ದೂರ ಗೊತ್ತಿಲ್ಲ, ಎಣಿಕೆ ಮಾತ್ರ ಗೊತ್ತು. ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿಸಿದ ಅಯಸ್ಕಾಂತ ಫೋರ್ಕಿನ ಸೆನ್ಸರ್ ಎದುರು ಹಾದಾಗಲೆಲ್ಲ ಒಂದು ಸುತ್ತು ಎಂದು ಎಣಿಸಿ, ನಾವು ಕೊಟ್ಟ ಸುತ್ತಳತೆಯಿಂದ ಗುಣಿಸುತ್ತದೆ. ಆ ಒಂದು ಅಂಕಿ ತಪ್ಪಿದರೆ ವೇಗ, ಸರಾಸರಿ, ಒಟ್ಟು ದೂರ ಎಲ್ಲವೂ ತಪ್ಪಿದಂತೆಯೇ. ಆದ್ದರಿಂದ ಅದನ್ನು ಎಲ್ಲಿಂದ ತರುತ್ತೇವೆ ಎಂಬುದನ್ನೇ ಒರೆಗೆ ಹಚ್ಚಬೇಕು.

ಹೆಚ್ಚಿನವರು ನೆಚ್ಚುವುದು ಕೈಪಿಡಿಯ ಪಟ್ಟಿಯನ್ನು. 700×25 ಟಯರಿಗೆ 2105 ಮಿ.ಮೀ., 700×28ಕ್ಕೆ 2136. ಅಂತರ 31 ಮಿ.ಮೀ., ಸುಮಾರು ಶೇ. 1.5. ದಪ್ಪ ಟಯರ್ ಹಾಕಿಸಿಕೊಂಡು ಹಳೆಯ ಅಂಕಿಯನ್ನೇ ಬಿಟ್ಟವರಿಗೆ 200 ಕಿ.ಮೀ. ತುಳಿದ ಮೇಲೂ ಮೀಟರು 197 ಎನ್ನುತ್ತದೆ. ಪಟ್ಟಿಯಿಂದ ಇಂಥ ದೊಡ್ಡ ತಪ್ಪು ತಪ್ಪುತ್ತದೆ, ಅಷ್ಟರಮಟ್ಟಿಗೆ ಅದು ಉಪಕಾರಿ. ಆದರೆ ನಾಲ್ಕಂಕಿಯ ಠೀವಿ ತೋರುವ ಪಟ್ಟಿ ಎಷ್ಟು ಗಾಳಿಗೆ, ಎಷ್ಟು ಭಾರಕ್ಕೆ ಈ ಅಂಕಿ ಎಂದು ಹೇಳುವುದಿಲ್ಲ. ಒಂದೇ ಅಳತೆ ಮುದ್ರಿಸಿಕೊಂಡ ಎರಡು ಕಂಪನಿಗಳ ಟಯರು ಒಂದೇ ದಪ್ಪ ಇರಬೇಕೆಂದೂ ಇಲ್ಲ. ಶೃಂಗೇರಿ ಪಕ್ಕದ ಮೆಣಸೆಯಂಥ ಊರಲ್ಲಿ ಮಳೆಗಾಲ ಬಂತೆಂದರೆ ಒದ್ದೆ ರಸ್ತೆಯ ಹಿಡಿತಕ್ಕೆ ಗಾಳಿ ಇಳಿಸಬೇಕಾಗುತ್ತದೆ. ಚಕ್ರ ಉರುಳುವ ಅಳತೆಯೂ ಅದರೊಂದಿಗೆ ತುಸು ಇಳಿಯುತ್ತದೆ.

ಜಿಪಿಎಸ್ ನೆರವಿನಿಂದ ತಾವೇ ಸುತ್ತಳತೆ ಕಂಡುಕೊಳ್ಳುವ ಸಾಧನಗಳೂ ಬಂದಿವೆ. ಬಯಲಿನ ನೇರ ರಸ್ತೆಯಲ್ಲಿ ಅವನ್ನು ಒಪ್ಪಬಹುದು. ಮಲೆನಾಡಿನಲ್ಲಿ ಮರಗಳ ಮರೆ ಉಪಗ್ರಹದ ಸಂಕೇತವನ್ನು ಕೆಡಿಸುತ್ತದೆ. ಹಿಮ್ಮುರಿ ತಿರುವಿನಲ್ಲಿ ಬಿಂದುವಿನಿಂದ ಬಿಂದುವಿಗೆ ಗೆರೆ ಎಳೆಯುವ ಲೆಕ್ಕ ರಸ್ತೆಯ ಬಾಗನ್ನು ಕತ್ತರಿಸಿಬಿಡುತ್ತದೆ.

ಉಳಿದದ್ದು ಉರುಳಿಸಿ ಅಳೆಯುವ ಹಳೆಯ ಪದ್ಧತಿ. ಅದಕ್ಕೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ದಿನನಿತ್ಯದಷ್ಟೇ ಗಾಳಿ ತುಂಬಿ, ಮುಂದಿನ ಚಕ್ರದ ವಾಲ್ವ್ ನೆಲದ ಕಡೆಗೆ ನೇರ ಬಂದಾಗ ಸೀಮೆಸುಣ್ಣದ ಗೆರೆ ಎಳೆಯಬೇಕು. ಸವಾರರು ಸೀಟಿನ ಮೇಲೆ ಕೂತೇ ಇರಬೇಕು, ಇನ್ನೊಬ್ಬರು ಹಿಡಿದು ನೇರ ತಳ್ಳಬೇಕು. ವಾಲ್ವ್ ಮತ್ತೆ ಕೆಳಗೆ ಬಂದಲ್ಲಿ ಇನ್ನೊಂದು ಗೆರೆ ಎಳೆದು ನಡುವಿನ ದೂರ ಅಳೆಯಬೇಕು. ಒಂದೇ ಸುತ್ತಿಗೆ ನಿಲ್ಲಿಸಿದರೆ ಗೆರೆಯಲ್ಲಿ 5 ಮಿ.ಮೀ. ತಪ್ಪಿದರೂ 200 ಕಿ.ಮೀ.ಗೆ ಸುಮಾರು ಅರ್ಧ ಕಿ.ಮೀ. ಏರುಪೇರು. ಹತ್ತು ಸುತ್ತು ಉರುಳಿಸಿ ಹತ್ತರಿಂದ ಭಾಗಿಸಿದರೆ ಅದೇ ತಪ್ಪು 50 ಮೀಟರಿನೊಳಗೆ ಬರುತ್ತದೆ. ಎಷ್ಟೋ ಮಂದಿ ಬಿಟ್ಟುಬಿಡುವುದು ಇದನ್ನೇ: ಖಾಲಿ ಸೈಕಲ್ಲನ್ನು ಒಂದು ಸುತ್ತು ತಳ್ಳಿ ಕೈತೊಳೆದುಕೊಳ್ಳುತ್ತಾರೆ.

ಇದು ಅತಿ ಸೂಕ್ಷ್ಮತೆ ಅನ್ನುವವರು ಮ್ಯಾರಥಾನ್ ಹಾದಿಗಳನ್ನು ಅಳೆಯುವ ಕ್ರಮ ನೋಡಬೇಕು. 1971ರಲ್ಲಿ ಅಮೆರಿಕದಲ್ಲಿ ರೂಪುಗೊಂಡ, ಚಕ್ರದ ಸುತ್ತು ಎಣಿಸುವ ಜೋನ್ಸ್ ಕೌಂಟರನ್ನು ಮುಂದಿನ ಚಕ್ರಕ್ಕೆ ಜೋಡಿಸಿ, ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯಲ್ಲಿ ಸೈಕಲ್ಲನ್ನು ಮೊದಲು ಪರೀಕ್ಷಿಸುತ್ತಾರೆ. ಹಾದಿ ಅಳೆದಾದ ಮೇಲೆ ಮತ್ತೆ ಪರೀಕ್ಷೆ. ಬಿಸಿಲೇರಿದಂತೆ ಟಯರಿನ ಗಾಳಿಯೂ ಹಿಗ್ಗುತ್ತದಲ್ಲ. ಹಾದಿ ಕಡಿಮೆ ಬೀಳದಿರಲೆಂದು ಸಾವಿರಕ್ಕೊಂದು ಪಾಲು ಸೇರಿಸುವುದೂ ಉಂಟು, ಮ್ಯಾರಥಾನಿಗೆ ಅದು 42 ಮೀಟರ್. 1800ರಲ್ಲಿ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರ್ವೆಯ ಆಧಾರರೇಖೆ ಅಳೆದಾಗಲೂ ಉಕ್ಕಿನ ಸರಪಳಿ ಕಾವಿಗೆ ಹಿಗ್ಗುವ ಲೆಕ್ಕ ಹಿಡಿದಿದ್ದ. ಅಳೆಯುವ ಸಾಧನವನ್ನು ಅದು ದುಡಿಯುವ ಸ್ಥಿತಿಯಲ್ಲೇ ಅಳೆಯಬೇಕೆಂಬ ವಿವೇಕ ಎರಡರಲ್ಲೂ ಇದೆ.

ಅಂಗಳದ ಅಳತೆಗೂ ಮಿತಿಯುಂಟು. ಟಯರ್ ಸವೆದರೆ, ಬದಲಾದರೆ ಮತ್ತೆ ಅಳೆಯಬೇಕು. ಅಯಸ್ಕಾಂತ ಜರುಗಿ ಸೆನ್ಸರಿನಿಂದ ದೂರವಾದರೆ ಸುತ್ತುಗಳೇ ತಪ್ಪಿಹೋಗುತ್ತವೆ, ಸುತ್ತಳತೆ ಎಷ್ಟೇ ಸರಿಯಿದ್ದರೂ ಉಪಯೋಗವಿಲ್ಲ. ಇಷ್ಟಾಗಿಯೂ ಮೂರರಲ್ಲಿ ತನ್ನ ಲೆಕ್ಕವನ್ನು ಬಳಸುವವರ ಕಣ್ಣೆದುರು ಬಿಚ್ಚಿಡುವ ಪದ್ಧತಿ ಇದೊಂದೇ. ಕೈಪಿಡಿ ಬರೆಯುವವರು ಇದನ್ನು ಮೊದಲು ವಿವರಿಸಿ, ಪಟ್ಟಿಯನ್ನು ಆಪತ್ತಿಗೆಂದು ಕೊನೆಗಿಡಲಿ. ದೂರ ಪ್ರಯಾಣಗಳಿಗೆ ದಾರಿಯ ಚೀಟಿ ಬರೆಯುವ ಸೈಕಲ್ ಕ್ಲಬ್ಬುಗಳು ತಾವು ಬಳಸಿದ ಸುತ್ತಳತೆಯನ್ನೂ ಗಾಳಿಯ ಒತ್ತಡವನ್ನೂ ಚೀಟಿಯ ಮೇಲೆಯೇ ನಮೂದಿಸಲಿ. ಆಗ ಅಪರಿಚಿತ ಘಟ್ಟದ ದಾರಿಯಲ್ಲಿ ಎಡಕ್ಕೆ ತಿರುಗಬೇಕಾದ ಜಾಗವನ್ನು ಸವಾರರು ಅಂಕಿ ನಂಬಿ ಹುಡುಕಬಹುದು.